ಮೀನುಮರಿಗಳ ಉಳಿವು: ಅರಸೀಕೆರೆ, ಬೇಲೂರು, ಹಳೇಬೀಡು

ಹಾಸನ ಜಿಲ್ಲೆಯ ಈ ಸೀಮೆಯ ಕೆರೆಗಳಿಗೆ ಬಿಡುವ ಗೆಂಡೆ ಜಾತಿಯ ಮರಿಗಳು ಬದುಕಿ ಬೆಳೆಯುವ ಬಗೆ. ಕಾಟ್ಲಾ, ರೋಹು, ಮೃಗಾಲ್‌ಗಳು ಹರಿಯುವ ನದಿಯಲ್ಲಿ ಮೊಟ್ಟೆಯಿಡುವ ಮೀನುಗಳು. ಹಳೇಬೀಡಿನ ದ್ವಾರಸಮುದ್ರ ಕೆರೆಯಂಥ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಮತ್ಸ್ಯವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆಯಿಡಿಸಿದ್ದರಿಂದಲೇ ಒಳನಾಡಿನ ಕೆರೆಗಳಿಗೆ ಬಿತ್ತನೆ ಮರಿ ಧಾರಾಳವಾಗಿ ಸಿಗುವಂತಾಯಿತು.

ಮೊಟ್ಟೆಯೊಡೆದ ಮರಿ ಸುಮಾರು 3 ದಿನ ಒಡಲಿಗಂಟಿದ ಭಂಡಾರ ಚೀಲದಿಂದಲೇ ಬದುಕುತ್ತದೆ. ನಿಜವಾದ ಗಂಡಾಂತರ ಆಮೇಲಿನದು: ಬಾಯಿಗೆ ಹಿಡಿಸುವಷ್ಟು ಸಣ್ಣ ಪ್ಲವಕ ಆಗಲೇ ಸಿಗಬೇಕು. ಉತ್ತರ ಸಮುದ್ರಗಳ ಕಾಡ್, ಹೆರಿಂಗ್ ಮರಿಗಳ ಬದುಕಿನಲ್ಲೂ ಇದೇ ನಿರ್ಣಾಯಕ ಘಟ್ಟವೆಂದು ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ವಾದಿಸಿದರು. ಸಮುದ್ರದಲ್ಲಿ ಆ ಆಹಾರ ಸಿಗುವುದು ದೈವಾಧೀನ. ಮರಿ ಸಾಕುವ ಪಾಲನಾ ಕೊಳದಲ್ಲಾದರೆ ಮುಂಚೆಯೇ ಸಗಣಿ ಹಾಕಿ ಪ್ಲವಕ ಬೆಳೆಸುತ್ತಾರೆ. ಕೊಳದಲ್ಲಿ ಇನ್ನೊಂದು ಅಪಾಯ, ಮರಿಯನ್ನು ಹಿಡಿದು ರಸ ಹೀರುವ ನೀರುಹುಳುಗಳು; ಅವು ಉಸಿರಿಗಾಗಿ ಮೇಲೆ ಬರುತ್ತವೆ. ಅದಕ್ಕೇ ಎಣ್ಣೆ, ಸೋಪಿನ ಮಿಶ್ರಣವನ್ನು ನೀರಿನ ಮೇಲೆ ತೆಳ್ಳಗೆ ಹರಡುತ್ತಾರೆ. ಹುಳು ಉಸಿರುಗಟ್ಟಿ ಸಾಯುತ್ತದೆ.

ಬೇಲೂರಿನ ಯಗಚಿ ಜಲಾಶಯದಂಥ ದೊಡ್ಡ ನೀರಿಗೆ 8–10 ಸೆಂ.ಮೀ. ಬಲಿತ ಮರಿಯೇ ಲೇಸು. ಚಿಕ್ಕದನ್ನು ಕೊರಮದಂಥ ಬೇಟೆಮೀನು ನುಂಗುತ್ತದೆ. ಮಳೆ ಕಡಿಮೆಯಿರುವ ಅರಸೀಕೆರೆ ಕಡೆ ಬಹುಪಾಲು ಕೆರೆಗಳಲ್ಲಿ ಬೇಸಿಗೆಗೆ ಮೊದಲೇ ಮೀನು ಹಿಡಿಯಬೇಕಾಗುತ್ತದೆ.