ಮಂಗಳೂರು ಆಳಿದ ಹವಳದ್ವೀಪಗಳು

ಲಕ್ಷದ್ವೀಪದ ಕದ್ಮತ್‌ನಲ್ಲಿ ನಾನು ಡೈವಿಂಗ್ ಮಾಡಿ ಬಂದೆನೆಂದರೆ ಪುಣೆಯ ಗೆಳೆಯರು ಕೇಳುವುದು ಆಮೆ, ಹವಳಗಳ ಬಗ್ಗೆ. ಅದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಂಗಳೂರಿನ ಆಡಳಿತದಲ್ಲಿತ್ತೆಂದರೆ ಕನ್ನಡಿಗರೂ ನಂಬುವುದಿಲ್ಲ.

ಕಣ್ಣೂರಿನ ಅರಕ್ಕಲ್ ಮನೆತನದ ದಬ್ಬಾಳಿಕೆಗೆ ಬೇಸತ್ತ ಅಮಿನಿಯವರು 1787ರಲ್ಲಿ ಟಿಪ್ಪುವಿನ ಮೊರೆಹೊಕ್ಕರು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಮೈಸೂರಿಗೆ ಸೇರಿದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಪಾಲಾದವು. ಕಲೆಕ್ಟರ್ ಕೂತದ್ದು ಮಂಗಳೂರಿನಲ್ಲಿ. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿ ಸರ್ಕಾರಕ್ಕೇ ಕೊಡಬೇಕು, ಬದಲಿಗೆ ಅಕ್ಕಿ. ದರ ಕಟ್ಟುವುದೂ ಸರ್ಕಾರವೇ! ಅನ್ನವೇ ಕಡಲಾಚೆಯಿಂದ ಬರಬೇಕಾದವರು ಚೌಕಾಸಿ ಮಾಡುವುದಾದರೂ ಹೇಗೆ?

ನಾವು ರಾಜ್ಯೋತ್ಸವ ಆಚರಿಸುವ 1956ರ ನವೆಂಬರ್ 1ರಂದೇ ಆ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಹೋದವು.