ಪಾರ್ಥೇನಿಯಂ ಕಳೆ ಮತ್ತು ನೆರೆಯ ಬೆಳೆಗಳ ಮೇಲೆ ಅದರ ರಾಸಾಯನಿಕಗಳ ಪರಿಣಾಮ: ಸಾರ್ವಜನಿಕರ ಮಾಹಿತಿಗಾಗಿ

ಸಸ್ಯವೊಂದು ತನ್ನ ಬೇರು, ಎಲೆ, ಹೂವು ಅಥವಾ ಕೊಳೆಯುವ ಅವಶೇಷಗಳಿಂದ ಹೊರಬಿಡುವ ರಾಸಾಯನಿಕಗಳು ನೆರೆಯ ಸಸ್ಯದ ಮೊಳಕೆ ಹಾಗೂ ಬೆಳವಣಿಗೆಯ ಮೇಲೆ ಪರಿಣಾಮ ಬೀರುವುದನ್ನು ಅಲ್ಲೆಲೋಪತಿ ಎಂದು ಕರೆಯಲಾಗುತ್ತದೆ. ಈ ಪದವನ್ನು 1937ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹಾನ್ಸ್ ಮೋಲಿಷ್ ಅವರು ಬಳಕೆಗೆ ತಂದರು. ನಮ್ಮ ರಾಜ್ಯದ ರೈತರಿಗೂ ಖಾಲಿ ನಿವೇಶನಗಳ ಮಾಲೀಕರಿಗೂ ಇದರ ಪರಿಚಿತ ಉದಾಹರಣೆಯೆಂದರೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ.

ಅಮೆರಿಕ ಖಂಡದ ಉಷ್ಣವಲಯದ ಮೂಲದ ಈ ಗಿಡವು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ನಂತರ ದೇಶದಾದ್ಯಂತ ಹರಡಿತು. ಪೂರ್ಣ ಬೆಳೆದ ಒಂದೇ ಗಿಡವು 15,000ಕ್ಕೂ ಹೆಚ್ಚು ಬೀಜಗಳನ್ನು ಉತ್ಪಾದಿಸಬಲ್ಲದು. ಬೆಳೆ ಕುಂಠಿತವಾದಾಗ ಕಳೆಯು ನೀರು ಗೊಬ್ಬರಗಳನ್ನು ಕಸಿದುಕೊಂಡಿದೆಯೆಂದು ಭಾವಿಸುವುದು ಸಹಜ. ಅದು ನಿಜವೇ ಆದರೂ ಪೂರ್ಣ ಕಾರಣವಲ್ಲ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ಕಹಿ ವಸ್ತು ಹಾಗೂ ಕೆಫೀಕ್, ಫೆರುಲಿಕ್ ಮುಂತಾದ ಆಮ್ಲಗಳು ಮಳೆಯ ನೀರಿನೊಡನೆ ಎಲೆಗಳಿಂದ ತೊಳೆದು ಮಣ್ಣಿಗಿಳಿಯುತ್ತವೆ, ಬೇರುಗಳಿಂದಲೂ ಒಸರುತ್ತವೆ. ಇವು ಇತರ ಬೀಜಗಳ ಮೊಳಕೆಯನ್ನು ತಡೆದು, ಎಳೆಯ ಬೇರುಗಳ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾಗಳಿಗೂ ಇದರಿಂದ ಬಾಧೆಯುಂಟು.

ಈ ಕಳೆಯ ಪರಾಗವೂ ಹಾನಿಕರವೆಂಬುದು ಬಹುಜನರಿಗೆ ತಿಳಿದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಾದ ಕಾಂಚನ್ ಮತ್ತು ಜಯಚಂದ್ರ ಅವರು 1980ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದನ್ನು ಹೊಸ ವಿದ್ಯಮಾನವೆಂದೇ ಕರೆದರು. ಹೊಲದ ಬದುವಿನಲ್ಲಿ ಅರಳಿದ ಕಳೆಯ ಪರಾಗವು ಟೊಮ್ಯಾಟೊ, ಬದನೆ, ಹುರುಳಿಕಾಯಿ, ಮೆಕ್ಕೆಜೋಳ ಮುಂತಾದ ಬೆಳೆಗಳ ಹೂವಿನ ಶಲಾಕಾಗ್ರದ ಮೇಲೆ ಕುಳಿತಾಗ, ಕಾಯಿ ಕಟ್ಟುವುದು ಅಥವಾ ಕಾಳು ತುಂಬುವುದು ಕಡಿಮೆಯಾಗುತ್ತದೆ. ಹೊಲದೊಳಗೆ ಒಂದೂ ಕಳೆಯಿಲ್ಲದಿದ್ದರೂ ಬದುವಿನ ಕಳೆಯಿಂದ ಇಳುವರಿಗೆ ಧಕ್ಕೆಯಾಗಬಹುದು.

ಹಲವರು ಗಿಡವನ್ನು ಕಿತ್ತು ಬದುವಿನ ಮೇಲೆಸೆದು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಇದು ಸರಿಯಲ್ಲ. ಬಿದ್ದ ಗಿಡ ಕೊಳೆಯುವಾಗಲೂ ರಾಸಾಯನಿಕಗಳು ಮಣ್ಣಿಗೆ ಸೇರುತ್ತವೆ. ಹಸಿ ಗಿಡವನ್ನು ಉಳುಮೆಯಲ್ಲಿ ಸೇರಿಸಿ ಕೂಡಲೇ ಬಿತ್ತನೆ ಮಾಡುವುದೂ ಸೂಕ್ತವಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅವುಗಳನ್ನು ವಿಘಟಿಸಲು ಕಾಲಾವಕಾಶ ಬೇಕು. ಆದುದರಿಂದ ಮಣ್ಣು ಹಸಿಯಾಗಿರುವಾಗ, ಹೂ ಬಿಡುವ ಮುನ್ನವೇ ಬೇರು ಸಹಿತ ಕಿತ್ತು, ಗುಂಡಿಯಲ್ಲಿ ಸಗಣಿ ಮತ್ತು ಮಣ್ಣಿನೊಂದಿಗೆ ಪದರ ಪದರವಾಗಿ ಹಾಕಿ ಸಂಪೂರ್ಣ ಕಳಿತ ಮೇಲೆ ಗೊಬ್ಬರವಾಗಿ ಬಳಸಬಹುದು. ಹೂ ಬಿಟ್ಟ ಗಿಡಗಳನ್ನು ಗುಂಡಿಗೆ ಹಾಕಬಾರದು, ಬೀಜಗಳು ಗೊಬ್ಬರದ ಮೂಲಕ ಪುನಃ ಹೊಲಕ್ಕೆ ಬರುತ್ತವೆ. ಈ ಗಿಡದಿಂದ ಚರ್ಮದ ಅಲರ್ಜಿ ಹಾಗೂ ಉಬ್ಬಸ ಉಂಟಾಗುವುದರಿಂದ ಕೈಗವಸು ಧರಿಸಿ, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡೇ ಕೀಳತಕ್ಕದ್ದು.

ಇದೇ ಗುಣವನ್ನು ಈ ಕಳೆಯ ವಿರುದ್ಧವೂ ಬಳಸಬಹುದಾಗಿದೆ. ಕ್ಯಾಸಿಯಾ ಸೆರಿಸಿಯಾ ಎಂಬ, ತಗಚೆಯ ಜಾತಿಗೆ ಸೇರಿದ ಗಿಡದಿಂದ ಒಸರುವ ವಸ್ತುಗಳು ಪಾರ್ಥೇನಿಯಂ ಬೀಜದ ಮೊಳಕೆಯನ್ನು ತಡೆಯುತ್ತವೆ; ಧಾರವಾಡದ ಸುತ್ತಮುತ್ತ ಇದರ ಅಧ್ಯಯನಗಳು ನಡೆದಿವೆ. ಮುಂಗಾರಿಗೆ ಮುನ್ನ ಇದರ ಬೀಜವನ್ನು ರಸ್ತೆ ಬದಿ ಮತ್ತು ಬಂಜರು ಜಾಗಗಳಲ್ಲಿ ಎರಚಬಹುದು. ಆದರೆ ಇದೂ ಹೊರಗಿನಿಂದ ಬಂದ ಗಿಡವಾದುದರಿಂದ ಸಾಗುವಳಿ ಜಮೀನಿನಲ್ಲಿ ಬಿತ್ತಬಾರದು.

ಹೆಚ್ಚಿನ ಸಲಹೆ ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.