ದುರ್ಬೀನಿಗೆ ಕಾಲೂ ಮುಖ್ಯ

1868ರ ಆಗಸ್ಟ್ 18ರಂದು ಜಮಖಂಡಿಯಲ್ಲಿ ಹಗಲೇ ಕತ್ತಲಾಯಿತು. ಅಂದು ಖಗ್ರಾಸ ಸೂರ್ಯಗ್ರಹಣ. ಅದನ್ನು ನೋಡಲೆಂದೇ ಆ ಸಂಸ್ಥಾನದ ಊರಿಗೆ ಬಂದಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಒದಗಿಸಿದ್ದ ದುರ್ಬೀನಿನ ಮಸೂರದ ಅಗಲ ಕೇವಲ ಐದು ಇಂಚು. ಇಂದಿನ ಹವ್ಯಾಸಿಗಳ ಬಳಿ ಅದಕ್ಕಿಂತ ದೊಡ್ಡವೇ ಇವೆ. ಮೋಡಗಳು ಅಡ್ಡ ಬಂದರೂ ಅವುಗಳ ಸಂದಿನಲ್ಲಿ ಹರ್ಷೆಲರು ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಮೂರು ಹೊಳೆಯುವ ಗೆರೆಗಳನ್ನು ಕಂಡರು. ಆ ಜ್ವಾಲೆಗಳು ಉರಿಬಿಸಿಯ ಅನಿಲವೆಂಬುದಕ್ಕೆ ಅದು ಸಾಕ್ಷಿಯಾಯಿತು.

ಕತ್ತಲು ಇದ್ದದ್ದು ಸುಮಾರು ಐದು ನಿಮಿಷ. ಅಷ್ಟರಲ್ಲಿ ಕೆಲಸ ಮುಗಿಯಬೇಕಿದ್ದರೆ ಗಾಜು ಚೆನ್ನಾಗಿದ್ದರೆ ಸಾಲದು. ಅದನ್ನು ಹೊತ್ತ ಆಸರೆ ಅಲುಗಾಡಬಾರದು. ದುರ್ಬೀನು ಕೊಳ್ಳುವ ನಮ್ಮವರು ಮರೆಯುವುದು ಇದನ್ನೇ.

ಆಸರೆಯಲ್ಲಿ ಎರಡು ಬಗೆ. ಒಂದು, ಮೇಲೆ-ಕೆಳಗೆ ಮತ್ತು ಎಡ-ಬಲಕ್ಕೆ ತಿರುಗುವಂಥದು. ಇದಕ್ಕೆ ಆಲ್ಟ್-ಅಜಿಮತ್ ಎನ್ನುತ್ತಾರೆ. 'ಅಜಿಮತ್' ಬಂದದ್ದು ಅರಬಿಯ 'ಸಮ್ತ್'ನಿಂದ. ನಮ್ಮ ಉರ್ದುವಿನಲ್ಲೂ ಸಮ್ತ್ ಎಂದರೆ ದಿಕ್ಕು. ಆಕಾಶವನ್ನು ಅಳೆಯುವ ವಿದ್ಯೆ ಬಾಗ್ದಾದ್, ಮರಾಗಾ, ಸಮರ್‌ಕಂದ್‌ಗಳನ್ನು ಹಾದು ಬಂದ ಗುರುತು ಇಂಥ ಶಬ್ದಗಳಲ್ಲಿ ಉಳಿದಿದೆ. 'ದುರ್ಬೀನು' ಕೂಡ ಪಾರ್ಸಿಯದು, ದೂರ ನೋಡುವುದು ಎಂದರ್ಥ. ಇನ್ನೊಂದು ಬಗೆ ಇಕ್ವಟೋರಿಯಲ್. ಅದರ ಒಂದು ಅಕ್ಷ ಧ್ರುವದತ್ತ ಬಾಗಿರುತ್ತದೆ. ಆ ಒಂದೇ ಅಕ್ಷ ತಿರುಗಿಸಿದರೆ ನಕ್ಷತ್ರವನ್ನು ಹಿಂಬಾಲಿಸಬಹುದು. ಹರ್ಷೆಲರದು ಈ ಬಗೆಯದು.

ಜಮಖಂಡಿಯಿಂದ ನೇರ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ಬಂದರೆ ಕುಂದಗೋಳ. ಇಲ್ಲಿನ ಅಕ್ಷಾಂಶ ಹದಿನೈದು ಡಿಗ್ರಿಗೆ ತುಸು ಹೆಚ್ಚು. ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರ. ಊರೊಳಗೆ ಒಂದು ಬೇವಿನ ಮರ, ಒಂದು ಮಾಳಿಗೆ ಅಡ್ಡ ಬಂದರೆ ಅದು ಕಾಣದು. ಇಕ್ವಟೋರಿಯಲ್ ಹೊಂದಿಸುವುದು ಹೊಸಬರಿಗೆ ಕಷ್ಟವಾಗುತ್ತದೆ. ಬಯಲ ಹೊಲದಲ್ಲಿ ಕಾಣುತ್ತದೆ, ಆದರೆ ಎರೆ ಮಣ್ಣಿನಲ್ಲಿ ಮುಕ್ಕಾಲಿ ಹೂತುಹೋಗುತ್ತದೆ. ಕಾಲುಗಳ ಕೆಳಗೆ ಕಲ್ಲು ಚಪ್ಪಡಿ ಬೇಕೇ ಬೇಕು.

1980ರ ಫೆಬ್ರವರಿ 16ರಂದು ಖಗ್ರಾಸದ ನೆರಳು ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತು. ಗದಗಿನಲ್ಲಿ ವಿಜ್ಞಾನಿಗಳು ಉಪಕರಣ ಹೂಡಿದರು. ಜನರಲ್ಲಿ ಬಹುಮಂದಿ ಅಂಜಿ ಬಾಗಿಲು ಹಾಕಿಕೊಂಡು ಕುಳಿತರು. ಒಂದೊಂದು ಹೈಸ್ಕೂಲಿನಲ್ಲಿ ಒಂದೊಂದು ದುರ್ಬೀನು, ಅದನ್ನು ಬಳಸಬಲ್ಲ ಒಬ್ಬ ಮಾಸ್ತರು ಇದ್ದಿದ್ದರೆ ಆ ಅಂಜಿಕೆ ಎಷ್ಟು ಕಡಿಮೆಯಾಗುತ್ತಿತ್ತು!

ಹಾಗಾದರೆ ಕೊಳ್ಳುವುದೇನು? ಪೆಟ್ಟಿಗೆಯ ಮೇಲೆ '500 ಪಟ್ಟು' ಎಂದು ಬರೆದಿದ್ದರೆ ನಂಬಬಾರದು. ಮಿಲಿಮೀಟರಿನಲ್ಲಿ ಮಸೂರದ ಅಗಲದ ಎರಡರಷ್ಟು ವರ್ಧನೆಯೇ ಮಿತಿ. 60 ಮಿಲಿಮೀಟರಿನದಕ್ಕೆ 120 ಪಟ್ಟು. ನೂರು ಪಟ್ಟಿನಲ್ಲಿ ಗುರು ಗ್ರಹ ಸುಮಾರು ಎರಡೇ ನಿಮಿಷದಲ್ಲಿ ನೋಟದಿಂದ ಜಾರುತ್ತದೆ. ಮುಟ್ಟಿದೊಡನೆ ನಡುಗುವ ತೆಳ್ಳನೆಯ ಮುಕ್ಕಾಲಿಯ ಮೇಲೆ ಅದನ್ನು ಮತ್ತೆ ಹಿಡಿಯುವಷ್ಟರಲ್ಲಿ ಮಕ್ಕಳು ಬೇಸತ್ತು ಏಳುತ್ತಾರೆ. ದುರ್ಬೀನು ಕಪಾಟು ಸೇರುತ್ತದೆ.

ಇದಕ್ಕೆ ಅಗ್ಗದ ಉತ್ತರ ಕೊಟ್ಟವರು ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿದ್ದ ಜಾನ್ ಡಾಬ್ಸನ್. ಪ್ಲೈವುಡ್ಡಿನ ಪೆಟ್ಟಿಗೆಯೇ ಅವರ ಆಸರೆ. ನಮ್ಮ ಬಡಗಿಗಳೂ ಮಾಡಬಲ್ಲರು. 130 ಅಥವಾ 150 ಮಿಲಿಮೀಟರ್ ಕನ್ನಡಿಯನ್ನು ಇಂಥ ಪೆಟ್ಟಿಗೆಯಲ್ಲಿ ಕೂರಿಸಿದರೆ ಶನಿಯ ಬಳೆ, ಗುರುವಿನ ನಾಲ್ಕು ಚಂದ್ರರು ಸ್ಪಷ್ಟ. ಅಷ್ಟು ಹಣವಿಲ್ಲದವರಿಗೆ 10x50 ಬೈನಾಕ್ಯುಲರ್ ಸಾಕು. ಸೂರ್ಯನತ್ತ ಮಾತ್ರ ಮುಂಭಾಗಕ್ಕೆ ತಕ್ಕ ಫಿಲ್ಟರ್ ಹಾಕದೆ ಯಾವುದನ್ನೂ ತಿರುಗಿಸಬಾರದು, ಕಣ್ಣು ಹೋದೀತು.

ಕುಂದಗೋಳ ಸವಾಯಿ ಗಂಧರ್ವರ ಊರು. ಕಂಠ ಎಷ್ಟೇ ಚೆಂದವಿದ್ದರೂ ತಂಬೂರಿ ಶ್ರುತಿಯಲ್ಲಿ ನಿಲ್ಲದಿದ್ದರೆ ಹಾಡು ನಿಲ್ಲದೆಂಬುದು ಇಲ್ಲಿಯವರಿಗೆ ಹೇಳಬೇಕಾದ ಮಾತಲ್ಲ. ಹಣವನ್ನು ಗಾಜಿಗೆ ಎಷ್ಟೋ, ಆಸರೆಗೂ ಅಷ್ಟೇ ಎಣಿಸಿಡೋಣ.